ಸಂಪಾದಕರ ಉತ್ತರ: ಸುಕೂಕ್ ಕೊಂಡರೆ ಅಪಾಯ ಹಂಚಿಹೋಗುವುದೇ?

(ಭಟ್ಕಳದ ನಿವೃತ್ತ ಶಿಕ್ಷಕರೊಬ್ಬರ ಪತ್ರದ ಸಾರ: ನನ್ನ ಮಗ ದುಬೈಯಲ್ಲಿ ಕಟ್ಟಡ ನಿರ್ಮಾಣ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದಾನೆ. ಉಳಿತಾಯದ ಬಹುಭಾಗವನ್ನು ಸುಕೂಕ್ ಎಂಬ ಬಡ್ಡಿಯಿಲ್ಲದ ಇಸ್ಲಾಮಿಕ್ ಹೂಡಿಕೆ ಪತ್ರಗಳ ನಿಧಿಯಲ್ಲಿ ತೊಡಗಿಸುವಂತೆ ಅಲ್ಲಿಯ ಬ್ಯಾಂಕಿನವರು ಅವನಿಗೆ ಹೇಳುತ್ತಿದ್ದಾರೆ. ಬರುವುದು ಬಡ್ಡಿಯಲ್ಲ, ಬಾಡಿಗೆ. ಷೇರು ಪೇಟೆ ಕುಸಿದರೂ ಇದು ಅಲುಗದು ಎನ್ನುತ್ತಾರೆ. ಇದು ಹೆಸರು ಬದಲಿಸಿದ ಬಾಂಡ್ ಅಲ್ಲವೇ? ಇದರಿಂದ ಅಪಾಯ ನಿಜವಾಗಿ ಹಂಚಿಹೋಗುವುದೇ?)

ಮಾನ್ಯರೇ,

ತಮ್ಮ ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಕುಟುಂಬದ ಭದ್ರತೆ ನಿಂತಿರುವುದು ಅದರ ಮೇಲೆ. ಶಿರಸಿ ಕಡೆಯ ಒಂದು ಮನೆಯನ್ನು ಊಹಿಸಿಕೊಳ್ಳಿ: ತೋಟ ಅಡಿಕೆಯದು, ಪೇಟೆಯಲ್ಲಿರುವ ಅಂಗಡಿ ಅಡಿಕೆ ವ್ಯಾಪಾರದ್ದು, ಕೈಸಾಲ ಕೊಟ್ಟಿರುವುದೂ ಅಡಿಕೆ ಬೆಳೆಗಾರರಿಗೇ. ಲೆಕ್ಕದ ಪುಸ್ತಕದಲ್ಲಿ ಮೂರು ಆದಾಯಗಳು ಕಾಣುತ್ತವೆ. ಕೊಳೆರೋಗ ಬಂದ ಮಳೆಗಾಲದಲ್ಲಿ ಮೂರೂ ಒಟ್ಟಿಗೆ ಸೊರಗುತ್ತವೆ. ತಮ್ಮ ಮಗನ ಸಂಬಳ ಬರುವುದು ದುಬೈಯ ಕಟ್ಟಡ ಉದ್ಯಮದಿಂದ. ಉಳಿತಾಯವೂ ಕೊಲ್ಲಿಯ ಸರ್ಕಾರ, ಬ್ಯಾಂಕು ಮತ್ತು ಕಟ್ಟಡ ಕಂಪನಿಗಳ ಪತ್ರಗಳಿಗೇ ಹೋದರೆ ಅಪಾಯವನ್ನು ಹಂಚಿದಂತಾಗುವುದಿಲ್ಲ, ಇದ್ದದ್ದರ ಮೇಲೆ ಇನ್ನಷ್ಟು ಪೇರಿಸಿದಂತಾಗುತ್ತದೆ.

ಇದು ಬರಿಯ ತರ್ಕವಲ್ಲ. 2009ರ ನವೆಂಬರ್‌ನಲ್ಲಿ ದುಬೈ ವರ್ಲ್ಡ್ ಸಂಸ್ಥೆ ತನ್ನ ಸಾಲ ತೀರಿಸಲು ಕಾಲಾವಕಾಶ ಕೇಳಿತು. ಅದರ ಅಂಗಸಂಸ್ಥೆಯೂ ಪಾಮ್ ಜುಮೇರಾ ದ್ವೀಪವನ್ನು ನಿರ್ಮಿಸಿದ ಕಂಪನಿಯೂ ಆದ ನಖೀಲ್, ಸುಮಾರು 350 ಕೋಟಿ ಡಾಲರ್‌ಗಳ ಸುಕೂಕ್ ಹಣವನ್ನು ಡಿಸೆಂಬರ್ 14ರಂದು ಹಿಂದಿರುಗಿಸಬೇಕಿತ್ತು. ಅಂದೇ ಅಬುಧಾಬಿ 1,000 ಕೋಟಿ ಡಾಲರ್ ನೆರವು ಘೋಷಿಸಿದ್ದರಿಂದ ಹೂಡಿಕೆದಾರರ ಹಣ ಉಳಿಯಿತು. ಆ ಹೊತ್ತಿಗೆ ದುಬೈಯ ಅನೇಕ ಕಟ್ಟಡಗಳ ಕೆಲಸ ಅರ್ಧಕ್ಕೇ ನಿಂತು, ಕೆಲಸ ಕಳೆದುಕೊಂಡವರು ಊರಿಗೆ ಮರಳುತ್ತಿದ್ದರು. ಸಂಬಳಕ್ಕೂ ಸುಕೂಕ್‌ಗೂ ಪೆಟ್ಟು ಬಿದ್ದದ್ದು ಒಂದೇ ಕಾಲದಲ್ಲಿ, ಒಂದೇ ಕಾರಣದಿಂದ.

ಇನ್ನು ಮೊದಲ ಪ್ರಶ್ನೆ. ಬಾಂಡ್ ಎಂದರೆ ಸಾಲಪತ್ರ. ಸುಕೂಕ್ ಎಂದರೆ ಒಂದು ಆಸ್ತಿಯಲ್ಲಿ ಅಥವಾ ವ್ಯವಹಾರದಲ್ಲಿ ಇರುವ ಪಾಲಿನ ಪತ್ರ. ಇವುಗಳಲ್ಲಿ ಆಸ್ತಿಯ ಬಾಡಿಗೆಯನ್ನು ಹಂಚುವ ಇಜಾರಾ ಎಂಬ ಬಗೆ ನಮಗೆ ಅಪರಿಚಿತವಲ್ಲ, ನಮ್ಮ ಹಳೆಯ ಕಾಗದಪತ್ರಗಳ ‘ಇಜಾರೆ’ ಅದೇ ಶಬ್ದ. ಬ್ರಿಟನ್ ಸರ್ಕಾರ 2014ರಲ್ಲಿ ಹೊರಡಿಸಿದ 20 ಕೋಟಿ ಪೌಂಡ್‌ಗಳ ಸುಕೂಕ್‌ಗೆ ಅದರ ಕಚೇರಿ ಕಟ್ಟಡಗಳ ಬಾಡಿಗೆಯೇ ಆಧಾರವಾಗಿತ್ತು. ಪಾಲುದಾರಿಕೆಯ ಬಗೆಯಾದ ಮುಶಾರಕಾವನ್ನು ಅರಿಯಲು ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟಿನ ಲೆಕ್ಕವಾಗುವ ಹೊತ್ತಿನಲ್ಲಿ ನಿಂತರೆ ಸಾಕು: ಮೀನು ಮಾರಿದ ಹಣದಲ್ಲಿ ಡೀಸೆಲ್, ಐಸು, ರೇಶನ್ನಿನ ಖರ್ಚು ಕಳೆದು, ಉಳಿದದ್ದನ್ನು ಮಾಲೀಕರೂ ಖಲಾಸಿಗಳೂ ಪಾಲು ಮಾಡಿಕೊಳ್ಳುತ್ತಾರೆ, ಬಲೆ ಬರಿದಾಗಿ ಬಂದ ದಿನ ಪಾಲೂ ಇಲ್ಲ. ಆದರೆ ‘ಮೀನು ಸಿಗಲಿ ಬಿಡಲಿ, ನೀವು ಹಾಕಿದ ಹಣವನ್ನು ಪೂರ್ತಿ ಕೊಡುತ್ತೇನೆ’ ಎಂದು ಮಾಲೀಕ ಮೊದಲೇ ಬರೆದುಕೊಟ್ಟರೆ ಅದನ್ನು ಪಾಲುದಾರಿಕೆ ಎನ್ನಲಾದೀತೇ? ಪಾಕಿಸ್ತಾನದ ವಿದ್ವಾಂಸ ತಕೀ ಉಸ್ಮಾನಿ ಅವರು 2007ರಲ್ಲಿ ಎತ್ತಿದ ಆಕ್ಷೇಪ ಇದೇ. ಬಹುಪಾಲು ಸುಕೂಕ್‌ಗಳು ಶರೀಯತ್ತಿಗೆ ಒಪ್ಪುವಂತಿಲ್ಲ ಎಂದು ಅವರು ಹೇಳಿದಾಗ ಆ ಮಾರುಕಟ್ಟೆಯೇ ತಲ್ಲಣಿಸಿತು. ಮರುವರ್ಷದ ಫೆಬ್ರವರಿಯಲ್ಲಿ ಬಹರೇನಿನ ಲೆಕ್ಕಪತ್ರ ಮಾನದಂಡ ಸಂಸ್ಥೆ ಆಯೋಫಿ, ಪಾಲುದಾರಿಕೆಯ ಪತ್ರಗಳಲ್ಲಿ ಮುಖಬೆಲೆಗೇ ಮರುಖರೀದಿಸುವ ಇಂಥ ವಾಗ್ದಾನ ಸಲ್ಲದೆಂದು ಹೇಳಿತು. ಆದ್ದರಿಂದ ರೂಪದಲ್ಲಿ ಸುಕೂಕ್ ಬೇರೆಯೇ ಹೌದು. ಆದರೆ ಮಾರುಕಟ್ಟೆಯಲ್ಲಿರುವ ಹೆಚ್ಚಿನ ಪತ್ರಗಳಲ್ಲಿ ಹೂಡಿಕೆದಾರ ನೆಚ್ಚಿಕೊಂಡಿರುವುದು ಆಸ್ತಿಯನ್ನಲ್ಲ, ಪತ್ರ ಹೊರಡಿಸಿದವರ ಸಾಲ ತೀರಿಸುವ ಶಕ್ತಿಯನ್ನು. ಪಾಕಿಸ್ತಾನ ಸರ್ಕಾರವು ಲಾಹೋರ್–ಇಸ್ಲಾಮಾಬಾದ್ ಹೆದ್ದಾರಿಯನ್ನು ಆಧಾರವಾಗಿಟ್ಟು ಸುಕೂಕ್ ಹೊರಡಿಸಿತ್ತು. ಕಂತು ತಪ್ಪಿದರೆ ಆ ರಸ್ತೆಯನ್ನು ಯಾರೂ ಹರಾಜು ಹಾಕಿಸಲಾರರು. 2017ರಲ್ಲಿ ಶಾರ್ಜಾದ ಡಾನಾ ಗ್ಯಾಸ್ ಕಂಪನಿ, ತಾನೇ ಹೊರಡಿಸಿದ 70 ಕೋಟಿ ಡಾಲರ್‌ಗಳ ಸುಕೂಕ್ ಅಲ್ಲಿಯ ಕಾನೂನಿಗೆ ಒಪ್ಪುವುದಿಲ್ಲವೆಂದು ನ್ಯಾಯಾಲಯಕ್ಕೆ ಹೋದದ್ದನ್ನೂ ಮರೆಯುವಂತಿಲ್ಲ.

‘ಅಲುಗದು’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಸುಕೂಕ್‌ಗಳನ್ನು ಹೆಚ್ಚಾಗಿ ಕೊಲ್ಲಿಯ ಮತ್ತು ಮಲೇಷ್ಯಾದ ಬ್ಯಾಂಕುಗಳು ಕೊಂಡು ಅವಧಿ ಮುಗಿಯುವವರೆಗೆ ಇಟ್ಟುಕೊಳ್ಳುತ್ತವೆ, ಹೀಗಾಗಿ ಕೈ ಬದಲಾಗುವುದು ಕಡಿಮೆ. ವಖಾರಿಯಲ್ಲಿ ಇಟ್ಟ ಚಾಲಿ ಅಡಿಕೆಯನ್ನು ಟೆಂಡರಿಗೆ ಹಾಕದಿದ್ದರೆ ಹಿಂದಿನ ವಾರದ ದರವೇ ಮನಸ್ಸಿನಲ್ಲಿ ಉಳಿಯುತ್ತದೆ. ದರ ಇಳಿದಿಲ್ಲವೆಂದು ಅದರ ಅರ್ಥವಲ್ಲ. 2022ರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕು ಬಡ್ಡಿದರವನ್ನು ಸೊನ್ನೆಯ ಹತ್ತಿರದಿಂದ ಶೇ. 4ಕ್ಕೂ ಮೇಲೆ ಒಯ್ದಾಗ ಬಾಂಡ್‌ಗಳ ಜೊತೆ ಡಾಲರ್ ಸುಕೂಕ್‌ಗಳ ಬೆಲೆಯೂ ಇಳಿಯಿತು. ಬಡ್ಡಿಯನ್ನು ಒಲ್ಲದ ಪತ್ರವೂ ಬಡ್ಡಿದರದ ಏರಿಳಿತದಿಂದ ತಪ್ಪಿಸಿಕೊಳ್ಳಲಾರದು.

ಹಾಗೆಂದು ಸುಕೂಕ್ ಬೇಡವೆಂದು ನಾನು ಹೇಳುತ್ತಿಲ್ಲ. ಬಡ್ಡಿ ಮುಟ್ಟಬಾರದೆಂಬ ತಮ್ಮ ನಿಷ್ಠೆಯನ್ನು ಗೌರವಿಸುತ್ತೇನೆ. ಅಂಥ ಕುಟುಂಬಕ್ಕೆ ಕ್ರಮವಾಗಿ ಆದಾಯ ತರುವ ಬೇರೆ ದಾರಿಗಳು ಕಡಿಮೆ. ಮಲೇಷ್ಯಾದಲ್ಲಿ 1990ರಿಂದಲೂ ಈ ವ್ಯವಹಾರವಿದೆ. ಇಂಡೊನೇಷ್ಯಾ ಸರ್ಕಾರ 2009ರಿಂದ ತನ್ನ ಜನಸಾಮಾನ್ಯರಿಗೂ ಸುಕೂಕ್ ಮಾರುತ್ತಿದೆ. ಈ ದೇಶಗಳ ಪಾಲು ಹೆಚ್ಚಿರುವ ನಿಧಿಯಾದರೆ ಹಂಚಿಕೆ ಎಂಬ ಮಾತಿಗೆ ಅರ್ಥ ಬರುತ್ತದೆ. ದುಬೈಯ ನಾಣ್ಯವಾದ ದಿರ್ಹಂ ಡಾಲರಿಗೆ 3.6725ರ ದರದಲ್ಲಿ ಕಟ್ಟಿಕೊಂಡಿರುವುದರಿಂದ ಡಾಲರ್ ನಿಧಿಯಲ್ಲಿ ಮಗನಿಗೆ ವಿನಿಮಯದ ಚಿಂತೆಯಿಲ್ಲ. ಮಲೇಷ್ಯಾದ ರಿಂಗಿಟ್, ಇಂಡೊನೇಷ್ಯಾದ ರುಪಿಯಾಗಳಲ್ಲಿ ಆ ಚಿಂತೆ ಇದ್ದೇ ಇದೆ.

ಭಾರತದಲ್ಲಿ ಸುಕೂಕ್‌ಗೆ ಕಾನೂನಿನ ಚೌಕಟ್ಟಿಲ್ಲ. ಇಸ್ಲಾಮಿಕ್ ಬ್ಯಾಂಕಿಂಗ್ ಪ್ರಸ್ತಾವವನ್ನು ಮುಂದುವರಿಸುವುದಿಲ್ಲವೆಂದು ರಿಸರ್ವ್ ಬ್ಯಾಂಕ್ 2017ರಲ್ಲಿಯೇ ತಿಳಿಸಿದೆ. ಆದರೆ ಬ್ಯಾಂಕು, ಮದ್ಯ ಮುಂತಾದ ಕಂಪನಿಗಳನ್ನು ಕೈಬಿಟ್ಟ ನಿಫ್ಟಿ 50 ಶರಿಯಾ ಸೂಚ್ಯಂಕವಿದೆ, ಅದನ್ನು ಅನುಸರಿಸುವ ನಿಧಿಯೂ ಇದೆ. ಷೇರಾದ್ದರಿಂದ ಏರಿಳಿತ ಹೆಚ್ಚು, ಆದರೂ ಅದು ದುಬೈಯ ಕಟ್ಟಡಗಳನ್ನು ನೆಚ್ಚಿದ್ದಲ್ಲ. ಉಳಿತಾಯದ ಒಂದು ಪಾಲು ಅಲ್ಲಿಗೆ ಹೋಗಲಿ ಎಂಬುದು ನನ್ನ ಅಭಿಪ್ರಾಯ. ‘ಹಲಾಲ್ ಹೂಡಿಕೆ’ ಎಂಬ ಹೆಸರನ್ನಷ್ಟೇ ನಂಬಿ ಯಾರಿಗೂ ಹಣ ಕೊಡಬೇಡಿ. ಆ ಹೆಸರಿನಲ್ಲಿ ಬೆಂಗಳೂರಿನ ಕಂಪನಿಯೊಂದು 2019ರಲ್ಲಿ ಸಾವಿರಾರು ಕುಟುಂಬಗಳ ಉಳಿತಾಯವನ್ನು ಮುಳುಗಿಸಿತು.

ಸಹಿ ಹಾಕುವ ಮೊದಲು ಆ ನಿಧಿಯ ಹಣ ಯಾವ ದೇಶದಲ್ಲಿ, ಯಾವ ಉದ್ಯಮದಲ್ಲಿ ಎಷ್ಟಿದೆ ಎಂಬ ಪಟ್ಟಿಯನ್ನು ಮಗ ಬ್ಯಾಂಕಿನಿಂದ ಕೇಳಿ ಪಡೆಯಲಿ. ಅದರ ಪ್ರತಿಯೊಂದನ್ನು ನಮಗೆ ಕಳುಹಿಸಿದರೆ ಮುಂದಿನ ಸಂಚಿಕೆಗೆ ಮೊದಲೇ ಓದಿ ತಮಗೆ ಬರೆಯುತ್ತೇನೆ.

— ಸಂಪಾದಕ