ಚದರ ಅಡಿಯ ದರ ಕೊನೆಗೆ ಬರಲಿ: ಟೈಲ್ಸ್ ಮತ್ತು ಫರ್ಸಿ ಕೆಲಸದ ಲೆಕ್ಕ

ಪ್ರಶ್ನೆ: ಮೂರು ಖೋಲಿ ಮನಿಗೆ ಟೈಲ್ಸ್ ಹಾಕ್ಲಾಕ ಚದರ ಅಡಿಗೆ 20 ರೂಪಾಯಿ ಅಂತ ಒಪ್ಪಿಕೊಂಡೆ. ಕೆಲಸ ಮುಗಿದಾಗ ಕೂಲಿ ಕೊಡ್ಲಾಕೂ ರೊಕ್ಕ ಸಾಲಲಿಲ್ಲ. ಲೆಕ್ಕ ಎಲ್ಲಿ ತಪ್ಪೇದ?
— ಟೈಲ್ಸ್ ಗೌಂಡಿ, ಕಲಬುರಗಿ

20 ರೂಪಾಯಿ ಎಲ್ಲಿಂದ ಬಂತು ಎಂದು ಮೊದಲು ನೋಡೋಣ. ಗೌಂಡಿಗೆ ದಿನಕ್ಕೆ 1,000, ಕೈಯಾಳಿಗೆ 600 ಎಂದು ಹಿಡಿಯಿರಿ (ನಿಮ್ಮ ಊರಿನ ಕೂಲಿ ಹಾಕಿಕೊಳ್ಳಿ, ಲೆಕ್ಕದ ದಾರಿ ಒಂದೇ). ಜೋಡಿ ದಿನಕ್ಕೆ 80 ಚದರ ಅಡಿ ನೆಲ ಹಾಕಿದರೆ 1,600 ಭಾಗಿಸು 80, ಅಂದರೆ 20. ಇದು ಗೌಂಡಿ ಮೊಣಕಾಲೂರಿ ಟೈಲ್ಸ್ ಕೂರಿಸುತ್ತಿರುವ ಹೊತ್ತಿನ ಕೂಲಿ ಮಾತ್ರ. ಉಳಿದ ಹೊತ್ತಿನ ಕೂಲಿಯನ್ನು ನೀವು ಜೇಬಿನಿಂದ ಕೊಟ್ಟಿದ್ದೀರಿ.

12×16 ಅಡಿಯ ಪಡಸಾಲೆ, 10×12ರ ಎರಡು ಖೋಲಿ ಎಂದುಕೊಳ್ಳಿ. ನೆಲ 432 ಚದರ ಅಡಿ. ಬಾಗಿಲು ಬಿಟ್ಟು ಸ್ಕರ್ಟಿಂಗ್ (ಗೋಡೆಯ ಬುಡಕ್ಕೆ ಕೂರಿಸುವ ಟೈಲ್ಸ್ ಪಟ್ಟಿ) ಸುಮಾರು 124 ರನ್ನಿಂಗ್ ಅಡಿ, ಅಂದರೆ ಬರೀ ಉದ್ದದ ಅಳತೆ. ನೆಲಕ್ಕೆ 5.4 ದಿನ. ಸ್ಕರ್ಟಿಂಗ್‌ನಲ್ಲಿ ಪಟ್ಟಿ ಕತ್ತರಿಸಿ, ಗೋಡೆಯ ಪ್ಲಾಸ್ಟರ್ ಕೆತ್ತಿ ಕೂರಿಸುವಾಗ ದಿನಕ್ಕೆ 80 ಅಡಿಗಿಂತ ಹೆಚ್ಚು ನಂಬಬೇಡಿ, ಅದು 1.55 ದಿನ. ಲೆವೆಲ್ ಹಿಡಿಯುವುದು, ಮಾಲು ಸಾಗಿಸುವುದು, ಕೊನೆಗೆ ಟೈಲ್ಸ್ ಸಂದಿಗೆ ಗ್ರೌಟ್ ತುಂಬಿ ಒರೆಸುವುದು ಸೇರಿ ಇನ್ನೊಂದು ದಿನ. ಒಟ್ಟು 8 ದಿನ, ಕೂಲಿ 12,800. ಕಟರ್ ಬ್ಲೇಡ್, ಸಂದಿ ಸಮ ಇಡುವ ಸ್ಪೇಸರ್, ಗಾಡಿಯ ಪೆಟ್ರೋಲಿಗೆ 1,200 ಸೇರಿಸಿದರೆ ನಿಮ್ಮ ಖರ್ಚೇ 14,000. ನಿಮಗೆ ಬಂದದ್ದು 432×20, ಅಂದರೆ 8,640.

14,000ದ ಮೇಲೆ ಲಾಭಕ್ಕೆ ನೂರಕ್ಕೆ 15, ಟೊಳ್ಳು ಬಡಿಯುವ ಟೈಲ್ ಕಿತ್ತು ಮತ್ತೆ ಹಾಕುವಂಥ ಮರುಕೆಲಸಕ್ಕೆ 5 ಇಡಿ. ಮೊತ್ತ 16,800. ಈಗ ಅದನ್ನು ಹಂಚಿ: ನೆಲಕ್ಕೆ ಚದರ ಅಡಿಗೆ ಸುಮಾರು 30, ಸ್ಕರ್ಟಿಂಗ್‌ಗೆ ರನ್ನಿಂಗ್ ಅಡಿಗೆ ಸುಮಾರು 30. ಮೊದಲು ದಿನ, ಆಮೇಲೆ ಮೊತ್ತ, ಕೊನೆಗೆ ಚದರ ಅಡಿ. ಪಕ್ಕದ ಓಣಿಯವರು ಎಷ್ಟಕ್ಕೆ ಮಾಡುತ್ತಾರೆ ಎಂಬುದರಿಂದ ಲೆಕ್ಕ ಶುರು ಮಾಡಿದರೆ, ಅವರು ಸ್ಕರ್ಟಿಂಗ್ ಬೇರೆ ಹಿಡಿದಿದ್ದಾರೋ ಸೇರಿಸಿದ್ದಾರೋ ನಿಮಗೆ ಗೊತ್ತೇ ಆಗುವುದಿಲ್ಲ. ಮನೆಯವರು ದರ ಇಳಿಸಿ ಎಂದಾಗ ಸ್ಕರ್ಟಿಂಗನ್ನು ಪುಕ್ಕಟೆ ಸೇರಿಸುವ ರೂಢಿ ನಮ್ಮ ಕಡೆ ಬಹಳ. ಮೇಲಿನ ಮನೆಯಲ್ಲಿ ಅದು ಒಂದೂವರೆ ದಿನದ ಕೂಲಿ.

ಮನೆಯವರಿಗೆ ಟೈಲ್ಸ್ ಪಟ್ಟಿ ಬರೆದುಕೊಡುವವರೂ ನೀವೇ ಆದರೆ ಇನ್ನೊಂದು ಜಾಗದಲ್ಲಿ ಎಚ್ಚರ ಬೇಕು. ‘ಎರಡು ಬೈ ಎರಡು’ ಎಂದು ಮಾರುವ ಟೈಲ್ 600 ಮಿ.ಮೀ., ಪೂರ್ತಿ ಎರಡು ಅಡಿಯಲ್ಲ. ನಾಲ್ಕರ ಬಾಕ್ಸ್‌ನಲ್ಲಿ 16 ಚದರ ಅಡಿ ಇರುವುದಿಲ್ಲ, 15.5 ಇರುತ್ತದೆ. 432ಕ್ಕೆ ನೂರಕ್ಕೆ 5 ವೇಸ್ಟೇಜ್ ಸೇರಿಸಿದರೆ 453.6. ಹದಿನಾರರಿಂದ ಭಾಗಿಸಿದರೆ 29 ಬಾಕ್ಸ್ ಸಾಕು ಅನ್ನಿಸುತ್ತದೆ. ನಿಜಕ್ಕೆ ಬೇಕಾದದ್ದು 30. ಕಡಿಮೆ ಬಿದ್ದ ಒಂದು ಬಾಕ್ಸ್ ತಿಂಗಳು ಬಿಟ್ಟು ತಂದರೆ ಬ್ಯಾಚ್ ಬೇರೆ, ಬಣ್ಣವೂ ಕೂದಲೆಳೆಯಷ್ಟು ಬೇರೆ. ಕಿಟಕಿಯ ಬೆಳಕು ಬಿದ್ದಾಗ ಅದು ಎದ್ದು ಕಾಣುತ್ತದೆ.

ಸ್ಕರ್ಟಿಂಗ್ ಪಟ್ಟಿಗೂ ಇದೇ ಮಾತು. 600 ಮಿ.ಮೀ. ಟೈಲ್‌ನಲ್ಲಿ ಬ್ಲೇಡ್ ಐದು ಸಲ ಓಡಿದಾಗ 10 ಮಿ.ಮೀ.ನಷ್ಟು ಪುಡಿಯಾಗಿ ಹೋಗುತ್ತದೆ, 98 ಮಿ.ಮೀ.ನ ಆರು ಪಟ್ಟಿ ಸಿಗುತ್ತವೆ. ಮನೆಯವರು ಪೂರ್ತಿ ನಾಲ್ಕು ಇಂಚೇ ಬೇಕು ಎಂದರೆ ಐದೇ ಪಟ್ಟಿ. ಆರರ ಲೆಕ್ಕದಲ್ಲಿ 124 ಅಡಿಗೆ 11 ಟೈಲ್, ಮೂರು ಬಾಕ್ಸ್. ಐದರ ಲೆಕ್ಕದಲ್ಲಿ 13 ಟೈಲ್, ನಾಲ್ಕನೇ ಬಾಕ್ಸ್ ಒಡೆಯಬೇಕು. ಅಳತೆ ತೆಗೆಯುವ ದಿನವೇ ಕೇಳಿ ಬರೆದುಕೊಳ್ಳಿ. ಟೈಲ್ಸನ್ನು ಓರೆಯಾಗಿ ಹಾಕಬೇಕೆಂದರೆ ವೇಸ್ಟೇಜ್ 10ರಿಂದ 15ಕ್ಕೆ ಏರುತ್ತದೆ, ದಿನದ ಕೆಲಸವೂ ಇಳಿಯುತ್ತದೆ.

ಮಾಲು ಸಮೇತ ಗುತ್ತಿಗೆ ಹಿಡಿದರೆ ಈ ಅಂಕಿ ನೆನಪಿರಲಿ: ಒಂದೂವರೆ ಇಂಚಿನ 1:6 ಗಾರೆಗೆ (ಸಿಮೆಂಟ್ ಒಂದು ಪಾಲು, ಉಸುಕು ಆರು ಪಾಲು) 100 ಚದರ ಅಡಿಗೆ ಸುಮಾರು 2 ಚೀಲ ಸಿಮೆಂಟ್, 14ರಿಂದ 15 ಘನ ಅಡಿ ಉಸುಕು, ಮೇಲೆ ಸುರಿಯುವ ಸಿಮೆಂಟ್ ಹಾಲಿಗೆ 30ರಿಂದ 40 ಕೆ.ಜಿ. ಬೇರೆ. ಹಳೆ ನೆಲ ಅರ್ಧ ಇಂಚು ತಗ್ಗಿದ್ದರೆ ಪ್ರತಿ 100 ಅಡಿಗೆ ಇನ್ನೂ ಮುಕ್ಕಾಲು ಚೀಲದ ಹತ್ತಿರ ಸಿಮೆಂಟ್, 5 ಘನ ಅಡಿ ಉಸುಕು. ಆದ್ದರಿಂದ ದರ ಹೇಳುವ ಮೊದಲು ಲೆವೆಲ್ ಪೈಪ್ ಹಿಡಿದು ನಾಲ್ಕು ಮೂಲೆ ಮತ್ತು ನಡುಭಾಗ ನೋಡಲೇಬೇಕು.

ಪ್ರಶ್ನೆ: ಅಂಗಳ ಮತ್ತು ದನದ ಕೊಟ್ಟಿಗೆಗೆ ಶಹಾಬಾದ್ ಫರ್ಸಿ ಹಾಕುವ ಕೆಲಸ ಬಂದಿದೆ, ಸುಮಾರು 1,000 ಚದರ ಅಡಿ. ಟೈಲ್ಸ್‌ಗೆ ಹೇಳುವ ದರವನ್ನೇ ಹೇಳಬಹುದೇ?
— ಗೌಂಡಿ, ಚಿತ್ತಾಪುರ

ಬೇಡ. ಫರ್ಸಿ ನಮ್ಮ ನೆಲದ ಸುಣ್ಣದ ಕಲ್ಲು. ಪದರಪದರವಾಗಿ ಏಳುವುದರಿಂದ ದಪ್ಪ ಒಂದೇ ಸಮ ಇರುವುದಿಲ್ಲ. ಲಾರಿ ಖಾಲಿಯಾದ ಮೇಲೆ ರಾಶಿಯ ಬೇರೆ ಬೇರೆ ಕಡೆಯಿಂದ ಹತ್ತು ಕಲ್ಲು ಎಳೆದು, ಪ್ರತಿಯೊಂದರ ನಾಲ್ಕೂ ಅಂಚಿನ ದಪ್ಪ ಬರೆದುಕೊಳ್ಳಿ. ತೆಳ್ಳಗಿನದು 22 ಮಿ.ಮೀ., ದಪ್ಪನೆಯದು 38, ಸರಾಸರಿ 30 ಬಂತು ಎನ್ನಿ. ದಪ್ಪ ಕಲ್ಲಿನ ಕೆಳಗೂ ಕನಿಷ್ಠ 20 ಮಿ.ಮೀ. ಗಾರೆ ಬೇಕು. ಆಗ ಮುಗಿದ ನೆಲದ ಎತ್ತರ 58 ಮಿ.ಮೀ., ಸರಾಸರಿ ಗಾರೆ 28. ಇಪ್ಪತ್ತು ಎಂದೇ ಲೆಕ್ಕ ಹಾಕಿದವರಿಗೆ 1,000 ಚದರ ಅಡಿಗೆ ನಾಲ್ಕು ಚೀಲ ಸಿಮೆಂಟ್, 30 ಘನ ಅಡಿ ಉಸುಕು ಕೈಯಿಂದ ಹೋಗುತ್ತದೆ. ತೆಳು ಕಲ್ಲುಗಳನ್ನು ಒಂದು ಕಡೆ, ದಪ್ಪನೆಯವನ್ನು ಇನ್ನೊಂದು ಕಡೆ ಮೊದಲೇ ಬೇರ್ಪಡಿಸಿ ಹಾಕಿದರೆ ಇದರಲ್ಲಿ ಸ್ವಲ್ಪ ಉಳಿಯುತ್ತದೆ. ಆ ಬೇರ್ಪಡಿಸುವ ಅರ್ಧ ದಿನದ ಕೂಲಿಯೂ ದರದಲ್ಲಿ ಇರಬೇಕು.

ಎರಡನೆಯದು ಅಂಚು. ಕೈಯಿಂದ ಒಡೆದ ಎರಡು ಅಡಿ ಕಲ್ಲನ್ನು ಮೂಲೆಮಟ್ಟ ಇಟ್ಟು ಚೌಕ ಮಾಡಿದರೆ 23 ಇಂಚು ಉಳಿಯುವುದೂ ಉಂಟು. 4 ಚದರ ಅಡಿಯ ಕಲ್ಲು 3.67 ಆಯಿತು, ನೂರಕ್ಕೆ 8 ಅಲ್ಲೇ ಹೋಯಿತು. ಇದು ಕಲ್ಲು ಕೊಂಡವರ ಲೆಕ್ಕಕ್ಕೆ ಸೇರಬೇಕು, ನಿಮ್ಮದಕ್ಕಲ್ಲ. ‘ಕಲ್ಲಿನ ಖರೀದಿ ರಾಶಿಯ ಅಳತೆಗೆ, ಕೂಲಿ ಹಾಕಿದ ನೆಲದ ಅಳತೆಗೆ, ಅಂಚು ಹೊಡೆಯುವುದು ಬೇರೆ’ ಎಂದು ಚೀಟಿಯಲ್ಲಿ ಬರೆಯಿರಿ. ಮಷಿನ್ ಕಟ್ ಕಲ್ಲಾದರೆ ಈ ತಂಟೆ ಹೆಚ್ಚಿಲ್ಲ.

ಭಾರವನ್ನೂ ಮರೆಯಬೇಡಿ. 30 ಮಿ.ಮೀ. ದಪ್ಪದ 100 ಚದರ ಅಡಿ ಫರ್ಸಿ 7 ಕ್ವಿಂಟಲ್ ದಾಟುತ್ತದೆ. ಲಾರಿ ಬಾಗಿಲವರೆಗೆ ಬಾರದ ಓಣಿ, ಅಥವಾ ಮೊದಲ ಮಹಡಿ ಎಂದರೆ ಹೊರೆ ಕೂಲಿಯನ್ನು ಬೇರೆಯಾಗಿಯೇ ಹೇಳಿ.

ಪಾಲಿಶ್ ಕೇಳಿದರೆ ಅದಕ್ಕೊಂದು ದರ, ಗೋಡೆಯಂಚಿನ ಕೈಪಾಲಿಶ್‌ಗೆ ರನ್ನಿಂಗ್ ಅಡಿಯ ದರ, ನೀರು ಮತ್ತು ಕರೆಂಟ್ ಮನೆಯವರದು. ಕೊಟ್ಟಿಗೆಗೆ ಪಾಲಿಶ್ ಬೇಡವೇ ಬೇಡ, ದನ ಜಾರುತ್ತವೆ. ಸಿಮೆಂಟ್ ಕಲೆ ತೆಗೆಯಲು ಆ್ಯಸಿಡ್ ಸುರಿಯುವುದನ್ನು ಈ ಕಲ್ಲಿನ ಮೇಲೆ ಖಂಡಿತ ಮಾಡಬಾರದು: ಸುಣ್ಣದ ಕಲ್ಲು ಆ್ಯಸಿಡ್‌ಗೆ ನೊರೆಯೆದ್ದು ಕರಗುತ್ತದೆ, ಬಿಳಿಚಿದ ಕಲೆ ಹೋಗುವುದಿಲ್ಲ. ಗಾರೆ ಹಸಿ ಇದ್ದಾಗಲೇ ಗೋಣಿಚೀಲದಿಂದ ಒರೆಸುವ ಆಳಿಗೆ ಕೂಲಿ ಹಿಡಿಯಿರಿ.

ಪ್ರಶ್ನೆ: ಹಳೆ ಮನೆಯ ಬಚ್ಚಲಿನ ಗೋಡೆಗೆ ಅಂಟಿನಿಂದ ಟೈಲ್ಸ್ ಹಾಕಲು ಹೇಳಿದ್ದಾರೆ. ಚೀಲದ ಮೇಲೆ ಬರೆದಷ್ಟು ಅಂಟು ಸಾಲುತ್ತಿಲ್ಲ, ಯಾಕೆ?
— ಟೈಲ್ಸ್ ಕೆಲಸದವರು, ಬೀದರ್

20 ಕೆ.ಜಿ. ಚೀಲ 50 ಚದರ ಅಡಿಯ ಹತ್ತಿರ ಬರುವುದು 3 ಮಿ.ಮೀ. ದಪ್ಪಕ್ಕೆ. 6 ಮಿ.ಮೀ. ಆದರೆ ಅರ್ಧ. ಬೀದರಿನ ಜಂಬಿಟ್ಟಿಗೆ ಕಲ್ಲಿನ ಹಳೆ ಗೋಡೆಗಳಲ್ಲಿ ಪ್ಲಾಸ್ಟರ್ ಉಬ್ಬುತಗ್ಗು ಸಾಮಾನ್ಯ. ತೂಗುಗುಂಡು ಇಳಿಬಿಟ್ಟು ಮೇಲೆ, ನಡುವೆ, ಕೆಳಗೆ ಅಳೆಯಿರಿ. ಏಳು ಅಡಿಯಲ್ಲಿ 5 ಮಿ.ಮೀ. ಒಳಗಿದ್ದರೆ ಅಂಟಿನ ದರ ಹೇಳಿ. 20 ಮಿ.ಮೀ. ಓರೆ ಇದ್ದರೆ ಅದನ್ನು ಅಂಟಿನಿಂದ ತುಂಬಬೇಡಿ. ದಪ್ಪ ಅಂಟು ಒಣಗುವಾಗ ಕುಗ್ಗಿ ಟೈಲ್ ಜಾರುತ್ತದೆ, ಹಿಂದೆ ಟೊಳ್ಳೂ ಉಳಿಯುತ್ತದೆ. ಮೊದಲು ಪ್ಲಾಸ್ಟರ್ ಸರಿಪಡಿಸಬೇಕು, ಅದಕ್ಕೆ ಬೇರೆ ದರ.

ವಿಟ್ರಿಫೈಡ್ ಟೈಲ್ ನೀರು ಹೀರುವುದು ನೂರಕ್ಕೆ ಅರ್ಧಕ್ಕಿಂತ ಕಡಿಮೆ. ಹಾಗಾಗಿ ಗೋಡೆಯ ಮೇಲೆ ಬರೀ ಸಿಮೆಂಟ್ ಅದನ್ನು ಹಿಡಿಯುವುದಿಲ್ಲ, ಪಾಲಿಮರ್ ಇರುವ ಅಂಟೇ ಬೇಕು. ಪೈಪಿನ ತೂತು, ನಹಾನಿ ಟ್ರ್ಯಾಪ್ (ನೆಲದ ನೀರು ಹೋಗುವ ಜಾಲಿ), ಗೂಡುಗಳಿಗೆ ಒಂದೊಂದಕ್ಕೆ ಇಷ್ಟು ಎಂದು, ಅಂಚು 45 ಡಿಗ್ರಿ ಓರೆ ಕತ್ತರಿಸಿ ಕೂಡಿಸುವ ಮೂಲೆಗೆ ರನ್ನಿಂಗ್ ಅಡಿಗೆ ಇಷ್ಟು ಎಂದು ಹೇಳಿ. ಬಚ್ಚಲಿನಲ್ಲಿ ಹೊತ್ತು ತಿನ್ನುವುದು ಇವೇ. ಹಳೆ ಟೈಲ್ ಕಿತ್ತು ರಾಡಿ ಹೊರಹಾಕುವುದಕ್ಕೆ ದಿನದ ಕೂಲಿ ಮಾತ್ರ. ಒಡೆದ ಮೇಲೆ ಒಳಗೆ ಏನು ಸಿಗುತ್ತದೋ ಮೊದಲೇ ಕಾಣುವುದಿಲ್ಲ.

ಪ್ರಶ್ನೆ: ನೆಲ ಕುಸಿದು ಟೈಲ್ಸ್ ಬಿರುಕು ಬಿಟ್ಟರೆ ನನ್ನನ್ನೇ ಹಿಡಿಯುತ್ತಾರೆ. ದರದ ಚೀಟಿಯಲ್ಲಿ ಏನು ಬರೆಯಬೇಕು?
— ಗುತ್ತಿಗೆದಾರ, ಯಾದಗಿರಿ

ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಹಾಕಿದ ನೆಲವನ್ನು ಯಾವ ಗೌಂಡಿಯೂ ಉಳಿಸಲಾರ. ಎರೆ ಕಿತ್ತು ಮುರುಮ್ (ಗರಸು ಮಣ್ಣು) ತುಂಬಿ, ನೀರು ಹಾಕಿ ಪದರಪದರವಾಗಿ ಬಡಿದು ದಮ್ಮಸ್ ಮಾಡಿ, ಮೇಲೆ ಕಾಂಕ್ರೀಟ್ ಬಿದ್ದಿದೆಯೇ ಎಂದು ಕೇಳಿ. ಇಲ್ಲವಾದರೆ ‘ತಳದ ಭರ್ತಿ ನಮ್ಮ ಕೆಲಸವಲ್ಲ, ಅದು ಕುಸಿದರೆ ನಮ್ಮ ಹೊಣೆಯಲ್ಲ’ ಎಂದು ಬರೆದು ಸಹಿ ಪಡೆಯಿರಿ. ತಳ ನೀವೇ ಮಾಡುವುದಾದರೆ ಅದು ಪೂರ್ತಿ ಬೇರೆ ಕಲಮು.

ಏಪ್ರಿಲ್-ಮೇಯಲ್ಲಿ ದಿನಕ್ಕೆ ಆಗುವ ಕೆಲಸವನ್ನು ಕಡಿಮೆ ಹಿಡಿಯಿರಿ. 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಗಾರೆ ಬೇಗ ಸೆಟೆಯುತ್ತದೆ, ಹರಡಿದ ಅಂಟಿನ ಮೇಲೆ ನಿಮಿಷಗಳಲ್ಲಿ ಪೊರೆ ಕಟ್ಟುತ್ತದೆ. ಬೆರಳಿಟ್ಟು ನೋಡಿ, ಅಂಟು ಬೆರಳಿಗೆ ಹತ್ತದಿದ್ದರೆ ಕೆರೆದು ಹೊಸದು ಹಾಕಬೇಕು. ಬಯಲು ಮಾಳಿಗೆಯ ಕೆಲಸವನ್ನು ಬೆಳಗ್ಗೆ ಮತ್ತು ಇಳಿಹೊತ್ತಿಗೆ ಮಾತ್ರ ಹಿಡಿಯಿರಿ. ಅಲ್ಲಿ 10ರಿಂದ 12 ಅಡಿಗೊಂದು ಹಿಗ್ಗುವ ಜಾಯಿಂಟ್ ಬಿಟ್ಟು ಸೀಲೆಂಟ್ ತುಂಬುವುದನ್ನೂ ರನ್ನಿಂಗ್ ಅಡಿಯಲ್ಲಿ ಸೇರಿಸಿ.

ಚೀಟಿಗೆ ತಾರೀಖು ಹಾಕಿ, ದರ 15 ದಿನಕ್ಕೆ ಮಾತ್ರ ಎಂದು ನಮೂದಿಸಿ. ಹಣವನ್ನು ಇಸಾರ (ಮುಂಗಡ), ನೆಲ ಮುಗಿದಾಗ, ಗ್ರೌಟ್ ಮುಗಿದಾಗ ಎಂದು ಮೂರು ಕಂತು ಮಾಡಿ. ಕೊನೆಯ ಕಂತನ್ನು ನೂರಕ್ಕೆ 10ಕ್ಕಿಂತ ಹೆಚ್ಚು ಉಳಿಯಲು ಬಿಡಬೇಡಿ. ಕೂಲಿ-ಮಾಲು ಸೇರಿದ ಗುತ್ತಿಗೆಗಳಿಂದ ವರ್ಷದ ವಹಿವಾಟು 20 ಲಕ್ಷ ದಾಟುವಂತಿದ್ದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ತೆರಿಗೆ ದರದ ಒಳಗೋ ಹೊರಗೋ ಎಂಬುದನ್ನೂ ಅದೇ ಚೀಟಿಯಲ್ಲಿ ಬರೆಯಿರಿ.