ಮೂವತ್ತೊಂದು ವರ್ಷ ಏನೂ ಆಗಲಿಲ್ಲ

ಮಾನ್ಯರೇ,

ಹೆಸರು ಅಚ್ಚು ಮಾಡಬೇಡಿ ಎಂದಿದ್ದೀರಿ, ಮಾಡುವುದಿಲ್ಲ. ಪತ್ರವನ್ನು ಮಾತ್ರ ಕಡತಕ್ಕೆ ಸೇರಿಸಿ ಸುಮ್ಮನಿರಲು ಮನಸ್ಸಾಗಲಿಲ್ಲ. ಅಮೋನಿಯಂ ನೈಟ್ರೇಟ್ ಎಂಬ ಉಪ್ಪಿನಂಥ ರಸಗೊಬ್ಬರದ ದಾಸ್ತಾನಿನ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬಂದ ಲೇಖನ ಓದಿ ಮೂರು ಪುಟ ಬರೆದಿದ್ದೀರಿ, ಮೂರರಲ್ಲೂ ಸಿಟ್ಟಿದೆ. ಬೇರೆ ಓದುಗರಿಗಾಗಿ ಅದರ ಸಾರ ಇಷ್ಟು: ‘ಗೋದಾಮಿನೊಳಗೊಂದು ಬಾಂಬು’ ಎಂಬ ನಮ್ಮ ತಲೆಬರಹ ಶುದ್ಧ ಸುಳ್ಳು. ಆ ಉಪ್ಪಿಗೆ ಬೆಂಕಿಕಡ್ಡಿ ಹಿಡಿದರೆ ಕರಗುತ್ತದೆಯೇ ಹೊರತು ಹೊತ್ತಿಕೊಳ್ಳುವುದಿಲ್ಲ. ನೀವು 31 ವರ್ಷ ರಸಗೊಬ್ಬರದ ಉಗ್ರಾಣ ನೋಡಿಕೊಂಡಿರಿ, ಏನೂ ಆಗಲಿಲ್ಲ. ಮೇಜಿನ ಮುಂದೆ ಕುಳಿತವರು ಜನರನ್ನು ಹೆದರಿಸುವುದೇಕೆ? ಕೊನೆಗೊಂದು ಪ್ರಶ್ನೆ: ಅಂಥ ಗೋದಾಮಿಗೆ ಬೆಂಕಿ ಬಿದ್ದರೆ ನೀರು ಹಾಕಬೇಕೋ, ಬೇಡವೋ?

ಮೊದಲು ತಲೆಬರಹ. ಅದು ಲೇಖಕರದಲ್ಲ, ನನ್ನದು. ಬಾಂಬು ಸಿಡಿಯಲೆಂದೇ ಮಾಡಿದ ವಸ್ತು. ನೈಟ್ರೇಟ್ ಬೆಳೆಗೆಂದು ಮಾಡಿದ್ದು. ಎರಡನ್ನೂ ಒಂದೇ ಮಾಡಿದ್ದು ತಪ್ಪು, ಒಪ್ಪಿಕೊಂಡೆ.

ಕಡ್ಡಿಯ ಪರೀಕ್ಷೆಯೂ ಸರಿಯೇ, ಆದರೆ ಒಂದು ಚಿಟಿಕೆಗೆ ಮಾತ್ರ. ಅಮೋನಿಯಂ ನೈಟ್ರೇಟ್ ತಾನಾಗಿ ಉರಿಯುವುದಿಲ್ಲ, ಉರಿಯುವುದಕ್ಕೆ ಆಮ್ಲಜನಕ ಒದಗಿಸುತ್ತದೆ. ಸುಮಾರು 170 ಡಿಗ್ರಿಗೆ ಕರಗಿ, 210 ದಾಟಿದ ಮೇಲೆ ಬೇಗಬೇಗ ಒಡೆದು ಅನಿಲವಾಗತೊಡಗುತ್ತದೆ. ಚಿಟಿಕೆಯಷ್ಟಿದ್ದರೆ ಕಾವೂ ಅನಿಲವೂ ಗಾಳಿಗೆ ಹೋಗಿಬಿಡುತ್ತವೆ. ಸಾವಿರ ಟನ್ನಿನ ರಾಶಿಯ ನಡುವೆ ಹುಟ್ಟಿದ ಕಾವು ಎಲ್ಲಿಗೆ ಹೋಗಬೇಕು? ಅದರ ಜೊತೆಗೆ ಚೆಲ್ಲಿದ ಡೀಸೆಲ್, ಮರದ ಹೊಟ್ಟು, ಹಳೆಯ ಚೀಲ ಸೇರಿಕೊಂಡು ಬಾಗಿಲೂ ಮುಚ್ಚಿದ್ದರೆ, ಅದು ನೀವು ಕಡ್ಡಿ ಹಿಡಿದ ಉಪ್ಪಲ್ಲ.

ಇನ್ನು ನಿಮ್ಮ 31 ವರ್ಷ. ನನ್ನನ್ನು ಹೆಚ್ಚು ಕಾಡಿದ್ದು ಇದೇ. ಜರ್ಮನಿಯ ಓಪ್ಪೌನಲ್ಲಿದ್ದ ಬಿಎಎಸ್‌ಎಫ್ ಕಾರ್ಖಾನೆಯ ಕಣಜದಲ್ಲಿ 1921ರಲ್ಲಿ ಸುಮಾರು 4,500 ಟನ್ ಗೊಬ್ಬರವಿತ್ತು, ಅಮೋನಿಯಂ ಸಲ್ಫೇಟ್ ಮತ್ತು ನೈಟ್ರೇಟ್‌ಗಳ ಮಿಶ್ರಣ. ಈ ಗೊಬ್ಬರ ತೇವ ಹೀರಿ ಗಡ್ಡೆ ಕಟ್ಟುವುದನ್ನು ನಿಮಗೆ ಹೇಳಿಕೊಡಬೇಕಿಲ್ಲ. ಗುದ್ದಲಿಗೆ ಬಗ್ಗದ ಆ ಗಡ್ಡೆಯನ್ನು ಒಡೆಯಲು ಅವರು ಏನು ಮಾಡುತ್ತಿದ್ದರು ಗೊತ್ತೇ? ತೂತು ಕೊರೆದು ಸಿಡಿಮದ್ದು ಇಡುತ್ತಿದ್ದರು. ಓದುವಾಗ ಮೈ ಜುಮ್ಮೆನ್ನುತ್ತದೆ, ಆದರೆ ಅವರೇನೂ ಹುಂಬರಲ್ಲ. ಪರೀಕ್ಷೆ ಮಾಡಿ, ಮಿಶ್ರಣ ಸಿಡಿಯುವುದಿಲ್ಲವೆಂದು ಕಂಡುಕೊಂಡೇ ಶುರುಮಾಡಿದ್ದರು. ಆವರೆಗೆ ಸುಮಾರು 20,000 ಸಲ ಹಾಗೆ ಸಿಡಿಸಿದ್ದರು ಎಂಬ ಲೆಕ್ಕವಿದೆ. ಏನೂ ಆಗಿರಲಿಲ್ಲ. ಅದಕ್ಕೆ ಕೆಲವು ತಿಂಗಳ ಮೊದಲು ಗೊಬ್ಬರ ಒಣಗಿಸುವ ವಿಧಾನ ಬದಲಾಗಿ ತೇವದ ಪ್ರಮಾಣ ಇಳಿದಿತ್ತು. ಮಾಲು ಬದಲಾಯಿತು, ಅಭ್ಯಾಸ ಬದಲಾಗಲಿಲ್ಲ. ಸೆಪ್ಟೆಂಬರ್ 21ರ ಬೆಳಿಗ್ಗೆ ರಾಶಿಯ ಹತ್ತರಲ್ಲಿ ಒಂದು ಪಾಲು ಮಾತ್ರ ಸಿಡಿಯಿತೆಂದು ಅಂದಾಜು. ಅಷ್ಟಕ್ಕೇ 500ಕ್ಕೂ ಹೆಚ್ಚು ಜನ ಸತ್ತರು. ಕಣಜ ಇದ್ದಲ್ಲಿ ಕೆರೆಯಂಥ ಗುಂಡಿ ಉಳಿಯಿತು. ಇಪ್ಪತ್ತು ಸಾವಿರ ಸಲದ ಅನುಭವ ಹಳೆಯ ಗೊಬ್ಬರದ ಬಗ್ಗೆ ಸಾಕ್ಷಿ ಹೇಳುತ್ತಿತ್ತು, ಹೊಸದರ ಬಗ್ಗೆ ಅದಕ್ಕೆ ಏನೂ ತಿಳಿದಿರಲಿಲ್ಲ.

(ಫ್ರಾನ್ಸಿನ ತುಲೂಸ್‌ನಲ್ಲಿ ಸುಮಾರು 300 ಟನ್ ಸಿಡಿದು 31 ಜನ ಸತ್ತದ್ದು 2001ರಲ್ಲಿ, ಅದೂ ಸೆಪ್ಟೆಂಬರ್ 21ರಂದು. ತಾರೀಕಿನಲ್ಲಿ ಅರ್ಥ ಹುಡುಕುವವನಲ್ಲ ನಾನು. ಆದರೆ ಅಲ್ಲಿ ಸಿಡಿದದ್ದು ಗುಣಮಟ್ಟಕ್ಕೆ ಬಾರದೆ ಬದಿಗೆ ಸರಿಸಿಟ್ಟ ಮಾಲು ಎಂಬುದನ್ನು ಉಗ್ರಾಣದವರು ಗಮನಿಸಬೇಕು.)

ನೀರಿನ ಪ್ರಶ್ನೆಗೆ ಬರುತ್ತೇನೆ. 1947ರ ಏಪ್ರಿಲ್ 16, ಅಮೆರಿಕದ ಟೆಕ್ಸಸ್ ಸಿಟಿ ಬಂದರು. ‘ಗ್ರಾಂಕಾಂಪ್’ ಎಂಬ ಹಡಗಿಗೆ ಕಾಗದದ ಚೀಲಗಳಲ್ಲಿ ನೈಟ್ರೇಟ್ ತುಂಬುತ್ತಿದ್ದರು; ಒಟ್ಟು ಸುಮಾರು 2,300 ಟನ್. ಮುಟ್ಟಿದರೆ ಚೀಲಗಳು ಬೆಚ್ಚಗಿದ್ದವು ಎಂದು ಹೊತ್ತ ಕೂಲಿಗಳು ಆಮೇಲೆ ಹೇಳಿದರು. ಎಂಟು ಗಂಟೆಯ ಸುಮಾರಿಗೆ ಹಡಗಿನ ಒಡಲಿನಿಂದ ಹೊಗೆ ಎದ್ದಿತು. ಕುಡಿಯುವ ನೀರು ಎರಚಿ ನೋಡಿದರು, ಆರಲಿಲ್ಲ. ಕೊಳವೆಯಿಂದ ನೀರು ಬಿಟ್ಟರೆ ಸರಕು ಹಾಳಾಗುತ್ತದೆ ಎಂದು ಕಪ್ತಾನ ತಡೆದ. ಬಾಗಿಲು ಬಿಗಿದು ಒಳಕ್ಕೆ ಹಬೆ ಹಾಯಿಸಲು ಆಜ್ಞೆಯಾಯಿತು. ಹತ್ತಿಯೋ ಗೋಧಿಯೋ ಆಗಿದ್ದರೆ ಅದು ತಕ್ಕ ಉಪಾಯವೇ. ಗಾಳಿ ಸಿಗದೆ ಬೆಂಕಿ ನಂದುತ್ತದೆ. ಆಮ್ಲಜನಕವನ್ನು ಮೈಯೊಳಗೇ ಇಟ್ಟುಕೊಂಡ ಸರಕಿಗೆ ಹೊರಗಿನ ಗಾಳಿಯ ಹಂಗೇನು? ಹಬೆಯಿಂದ ಕಾವು ಏರಿತು, ಮುಚ್ಚಿದ ಬಾಗಿಲಿನಿಂದ ಒತ್ತಡ ಏರಿತು. ಕಿತ್ತಳೆ ಬಣ್ಣದ ಹೊಗೆ ಚೆಂದ ಕಾಣುತ್ತಿತ್ತಂತೆ, ನೋಡಲು ಜನ ಸೇರಿದ್ದರು. 9 ಗಂಟೆ 12 ನಿಮಿಷಕ್ಕೆ ಹಡಗು ಸಿಡಿಯಿತು. ಸತ್ತವರು ಕನಿಷ್ಠ 581. ಊರಿನ ಅಗ್ನಿಶಾಮಕ ದಳದ 28 ಜನರಲ್ಲಿ 27 ಮಂದಿ ಅವರಲ್ಲಿದ್ದರು.

ಆದ್ದರಿಂದ ನನ್ನ ಉತ್ತರ: ಈ ಮಾಲಿಗಾದರೆ ನೀರೇ ಹಾಕಬೇಕು, ಆರಂಭದಲ್ಲೇ ಹಾಕಬೇಕು, ಧಾರಾಳವಾಗಿ ಹಾಕಬೇಕು. ಮುಚ್ಚಿ ಉಸಿರುಕಟ್ಟಿಸುವ ಯಾವ ಉಪಾಯವೂ ಕೂಡದು. ಬೆಂಕಿ ರಾಶಿಗೆ ತಗುಲಿತೆಂದರೆ ಮಾಲಿನ ಆಸೆ ಬಿಟ್ಟು, ಸುತ್ತಲಿನವರನ್ನೂ ಕರೆದುಕೊಂಡು ದೂರ ಓಡಬೇಕು. ಆದರೆ ಪಕ್ಕದಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಇದ್ದರೆ ಅದೇ ನೀರು ಅಸಿಟಿಲೀನ್ ಎಂಬ ಉರಿಯುವ ಅನಿಲ ಹುಟ್ಟಿಸಿ ಬೆಂಕಿಗೆ ಮೇವಾಗುತ್ತದೆ. ಹಾಗಾಗಿ ನೀರು ಹಾಕಬೇಕೋ ಬೇಡವೋ ಎನ್ನುವುದಕ್ಕೂ ಮೊದಲು ಕೇಳಬೇಕಾದದ್ದು, ಒಳಗೆ ಏನೇನಿದೆ ಎಂದು.

ಅದನ್ನೇ ಯಾರೂ ಹೇಳುವುದಿಲ್ಲ. ಚೀನಾದ ತಿಯಾನ್‌ಜಿನ್‌ನಲ್ಲಿ 2015ರ ಆಗಸ್ಟ್ 12ರ ರಾತ್ರಿ ನೈಟ್ರೋಸೆಲ್ಯುಲೋಸ್ ಎಂಬ ಬೇಗ ಹೊತ್ತಿಕೊಳ್ಳುವ ರಾಸಾಯನಿಕ ಒಣಗಿ ತಾನೇ ಹೊತ್ತಿಕೊಂಡಿತು. ಬೆಂಕಿ ಆರಿಸಲು ಬಂದವರಿಗೆ ಪಕ್ಕದಲ್ಲಿದ್ದ 800 ಟನ್ ನೈಟ್ರೇಟ್‌ನ ಸುಳಿವಿರಲಿಲ್ಲ. ಸತ್ತ, ಕಾಣೆಯಾದ 173 ಜನರಲ್ಲಿ ನೂರಕ್ಕೂ ಹೆಚ್ಚು ಮಂದಿ ಅಗ್ನಿಶಾಮಕರು. ಲೆಬನಾನಿನ ಬೈರೂತ್‌ನಲ್ಲಿ ತಿಳಿದವರು ಇಲ್ಲದಿರಲಿಲ್ಲ. ಮೊಜಾಂಬಿಕ್‌ಗೆ ಹೊರಟಿದ್ದ ‘ರೋಸಸ್’ ಹಡಗು 2013ರಲ್ಲಿ ಅಲ್ಲಿ ನಿಂತುಹೋಗಿ, ಅದರಲ್ಲಿದ್ದ 2,750 ಟನ್ ನೈಟ್ರೇಟ್ ಮರುವರ್ಷ ಬಂದರಿನ 12ನೇ ಗೋದಾಮು ಸೇರಿತು. ಇದನ್ನು ಏನು ಮಾಡೋಣವೆಂದು ಸುಂಕದ ಅಧಿಕಾರಿಗಳು ನ್ಯಾಯಾಲಯಕ್ಕೆ ಮತ್ತೆ ಮತ್ತೆ ಪತ್ರ ಬರೆದರು. ಪತ್ರ ಬರೆದವರ ಕರ್ತವ್ಯ ಮುಗಿಯಿತು, ಪತ್ರ ಪಡೆದವರ ಕರ್ತವ್ಯ ಶುರುವಾಗಲೇ ಇಲ್ಲ. ಬೇಡವಾದ ಮಾಲು ಆರು ವರ್ಷ ಬಿದ್ದಿತ್ತು. ಅದೇ ಸೂರಿನಡಿ ಪಟಾಕಿಗಳನ್ನೂ ಇಟ್ಟಿದ್ದರು. 2020ರ ಆಗಸ್ಟ್ 4ರ ಸಂಜೆ ಹೊಗೆ ಕಂಡು ಹತ್ತು ಜನರ ತಂಡವನ್ನು ಕಳುಹಿಸಿದರು. ಅವರು ಯಾರೂ ಮರಳಲಿಲ್ಲ. ಸಿಡಿದದ್ದು ಸುಮಾರು 552 ಟನ್ ಎಂದು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಅಂದಾಜು ಮಾಡಿತು. ಇನ್ನೂರಕ್ಕೂ ಹೆಚ್ಚು ಜನ ಸತ್ತು, ಸುಮಾರು ಮೂರು ಲಕ್ಷ ಜನ ಮನೆ ಕಳೆದುಕೊಳ್ಳಲು ಅಷ್ಟು ಸಾಕಾಯಿತು.

ಹೆದರಿಸುತ್ತಿದ್ದೇನೆ ಎನ್ನುತ್ತೀರಿ. ಸ್ವಲ್ಪ ಹೌದು. ಆದರೆ ನಿಮ್ಮ ಪತ್ರದ ಎರಡನೆಯ ಪುಟದಲ್ಲಿ, ಸಿಟ್ಟಿನ ನಡುವೆ ನೀವೇ ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ: ದಿನಾ ಸಂಜೆ ಬೀಗ ಹಾಕುವ ಮೊದಲು ಸಾಲು ಸಾಲಾಗಿ ನಡೆದು ಚೀಲಗಳ ಮೇಲೆ ಅಂಗೈ ಇಟ್ಟು ನೋಡುತ್ತಿದ್ದಿರಿ, ಒಡೆದ ಚೀಲ ಕಂಡರೆ ಚೆಲ್ಲಿದ್ದನ್ನು ಅಂದೇ ಗುಡಿಸಿ ಬೇರೆ ಇಡಿಸುತ್ತಿದ್ದಿರಿ, ಎಣ್ಣೆ ಸೋರುವ ಗಾಡಿಯನ್ನು ಬಾಗಿಲಿನಿಂದಾಚೆಗೇ ನಿಲ್ಲಿಸುತ್ತಿದ್ದಿರಿ. ಟೆಕ್ಸಸ್ ಸಿಟಿಯ ಕೂಲಿಗಳ ಕೈಗೂ ಬಿಸಿ ತಾಕಿತ್ತು. ಆ ಕೈಗೆ ಕೆಲಸ ನಿಲ್ಲಿಸುವ ಅಧಿಕಾರವಿರಲಿಲ್ಲ, ನಿಮ್ಮ ಕೈಗಿತ್ತು. ಇಷ್ಟೆಲ್ಲ ಮಾಡಿ ‘ಏನೂ ಆಗಲಿಲ್ಲ’ ಎಂದು ಬರೆದಿದ್ದೀರಲ್ಲ, ನನ್ನ ತಕರಾರು ಇರುವುದು ಆ ಮಾತಿನ ಮೇಲೆ.

ತಲೆಬರಹದ ತಿದ್ದುಪಡಿ ಇದೇ ಸಂಚಿಕೆಯಲ್ಲಿದೆ. ನಿಮ್ಮಿಂದ ಒಂದು ಬರಹ ಬೇಕು. ಅಂಗೈ ಇಟ್ಟು ನೋಡುವುದನ್ನು ನಿಮಗೆ ಯಾರು ಕಲಿಸಿದರು, ಚೀಲ ಬೆಚ್ಚಗಿದ್ದ ದಿನ ಏನು ಮಾಡಿದಿರಿ, ನಿವೃತ್ತಿಯ ದಿನ ಬೀಗದ ಕೈಯ ಜೊತೆಗೆ ಮುಂದಿನವರಿಗೆ ಏನೇನು ಹೇಳಿ ಬಂದಿರಿ, ಬರೆಯಿರಿ. ಎರಡು ಪುಟ ಖಾಲಿ ಇಟ್ಟಿರುತ್ತೇನೆ. ಹೆಸರು ಹಾಕುವುದಿಲ್ಲ. ತಲೆಬರಹ ನೀವೇ ಕೊಡಿ.

— ಸಂಪಾದಕ