ಚೀಟಿ ಸಿಕ್ಕಿತು, ಕೇಸ್ ಆಗಲಿಲ್ಲ

"ಒಂದೂವರೆ ತಿಂಗಳ ಹಿಂದೆ ದಾರಿ ವಿಚಾರಕ್ಕೆ ಜಗಳವಾಗಿ ಪಕ್ಕದ ಮನೆಯವನು ದೊಣ್ಣೆಯಿಂದ ಹೊಡೆದ. ನನ್ನ ಮುಂಗೈ ಮೂಳೆ ಮುರಿಯಿತು. ಠಾಣೆಯಲ್ಲಿ ದೂರು ಬರೆದುಕೊಟ್ಟೆ, ಒಂದು ಚೀಟಿ ಕೊಟ್ಟು ಕಳಿಸಿದರು. ಈಗ ಅವನು ಗೇಟಿನ ಹತ್ತಿರ ನಿಂತು, 'ಕಂಪ್ಲೇಂಟ್ ವಾಪಸ್ ತಗೋ, ಇಲ್ಲಾಂದ್ರೆ ಇನ್ನೊಂದು ಕೈನೂ ಹೋಗುತ್ತೆ' ಅನ್ನುತ್ತಾನೆ. ಠಾಣೆಗೆ ಹೋದರೆ, 'ಏನಾದ್ರೂ ಮಾಡಿದಾಗ ಬನ್ನಿ' ಅನ್ನುತ್ತಾರೆ. ಏನು ಮಾಡಲಿ?"
– ಹೆಸರು ಬೇಡ ಎಂದಿರುವ ಓದುಗರು

ಕೈ ಮುರಿದಾಗಿದೆ. ಇನ್ನೇನು ಮಾಡಬೇಕಂತೆ ಅವನು?

ಇರಲಿ ಅಮ್ಮಾ, ಮೊದಲು ಆ ಚೀಟಿ ತೆಗೆದು ನೋಡಿ. ಅದು ಎಫ್‌ಐಆರ್ ಅಲ್ಲ ಅಂತ ನಮ್ಮ ಅನುಮಾನ. ಅರ್ಜಿ ತಲುಪಿದ್ದಕ್ಕೆ ಕೊಟ್ಟ ಸ್ವೀಕೃತಿ ಇರಬಹುದು, ಇಲ್ಲವೇ ಎನ್‌ಸಿಆರ್, ಅಂದರೆ ಎನ್‌ಸಿ ವರದಿ ಇರಬಹುದು. ಎನ್‌ಸಿ ಅಂದರೆ ಅಸಂಜ್ಞೇಯ ಪ್ರಕರಣ. ಅದರಲ್ಲಿ ಮ್ಯಾಜಿಸ್ಟ್ರೇಟ್ ಆದೇಶ ಇಲ್ಲದೆ ಪೊಲೀಸರು ತನಿಖೆ ಮಾಡುವ ಹಾಗಿಲ್ಲ. ನೀವು ತಿಂಗಳುಗಟ್ಟಲೆ ಕಾಯುತ್ತೀರಿ, ಅಲ್ಲಿ ಫೈಲೇ ತೆರೆದಿರುವುದಿಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. ಸುಮ್ನೆ "ಹೊಡೆದ, ಬೈದ, ಹೆದರಿಸಿದ" ಅಂತ ಬರೆದರೆ ಅದು ಸಾಧಾರಣ ಗಾಯ ಮತ್ತು ಬೆದರಿಕೆ ಆಗುತ್ತದೆ. ಅವೆರಡೂ ಎನ್‌ಸಿ. ಮೂಳೆ ಮುರಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 117ನೇ ಕಲಂ ಪ್ರಕಾರ ತೀವ್ರ ಗಾಯ. 7 ವರ್ಷದವರೆಗೆ ಶಿಕ್ಷೆ ಇದೆ, ಪೊಲೀಸರು ನೇರವಾಗಿ ತನಿಖೆ ಮಾಡಬಹುದಾದ, ಅಂದರೆ ಸಂಜ್ಞೇಯ ಅಪರಾಧ. ಹೀಗೆ ಒಂದೇ ಒಂದು ಸಂಜ್ಞೇಯ ಅಪರಾಧ ಸೇರಿದರೂ ಇಡೀ ಪ್ರಕರಣ ಸಂಜ್ಞೇಯವಾಗುತ್ತದೆ, ಅದೇ ಘಟನೆಯ ಬೆದರಿಕೆಯೂ ಅದರ ಜೊತೆಗೇ ಬರುತ್ತದೆ. ನಿಮ್ಮ ಮೊದಲ ದೂರಿನಲ್ಲಿ ಮೂಳೆಯ ಮಾತು ಇತ್ತಾ? ಎಕ್ಸ್‌ರೇ ಆಮೇಲೆ ತೆಗೆಸಿದ್ದರೆ ಇರಲಿಕ್ಕಿಲ್ಲ. ಆಸ್ಪತ್ರೆಯಿಂದ ಗಾಯದ ಸರ್ಟಿಫಿಕೇಟ್, ಎಕ್ಸ್‌ರೇ ವರದಿ ತಗೊಂಡು ಹೊಸದಾಗಿ ಬರೆದುಕೊಡಿ. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2013ರಲ್ಲೇ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ.

ಈಗಿನ ಬೆದರಿಕೆಗೆ ಬೇರೆಯೇ ಅರ್ಜಿ ಕೊಡಿ. ತಾರೀಕು, ಹೊತ್ತು, ಅವನು ಆಡಿದ ಮಾತು ಆಡಿದ ಹಾಗೇ, ಕೇಳಿಸಿಕೊಂಡವರು ಯಾರು, ಎಲ್ಲ ಇರಲಿ. "ಆಗಾಗ ಹೆದರಿಸುತ್ತಾನೆ" ಅಂತ ಬರೆದರೆ ಯಾರಿಗೂ ಏನೂ ಹಿಡಿಯಲು ಸಿಗುವುದಿಲ್ಲ. ಅವನು ಗೇಟಿಗೆ ಬಂದಾಗ ವಾದಕ್ಕೆ ನಿಲ್ಲಬೇಡಿ, ಒಳಗಿಂದಲೇ 112ಕ್ಕೆ ಫೋನ್ ಮಾಡಿ. ಆ ಕರೆಯೂ ದಾಖಲೆಯೇ.

ಆ ಅರ್ಜಿಯಲ್ಲೇ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಂ ಪ್ರಕಾರ ಅವನಿಂದ ಮುಚ್ಚಳಿಕೆ ಬರೆಸಿ ಅಂತಲೂ ಕೇಳಿ. ಠಾಣೆಯಲ್ಲಿ ಬಿಳಿ ಹಾಳೆ ಮೇಲೆ ಸಹಿ ಹಾಕಿಸಿ ಕಳಿಸುವುದು ಬೇರೆ. ಇದು ಕಾರ್ಯನಿರ್ವಾಹಕ ದಂಡಾಧಿಕಾರಿಯ ಎದುರು ಆಗುವ ಬಾಂಡ್, ಒಂದು ವರ್ಷದವರೆಗೂ ಕಟ್ಟಿಹಾಕಬಹುದು.

ಠಾಣೆಯವರು ಆಗಲೂ ಅಲ್ಲಾಡದಿದ್ದರೆ, ಅದೇ ದೂರನ್ನು ಎಸ್‌ಪಿಯವರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ (ಅದೇ ಸುರಕ್ಷಾ ಸಂಹಿತೆಯ 173ನೇ ಕಲಂ). ರಸೀದಿ ಕಳೆಯಬೇಡಿ. ಅಲ್ಲಿಂದಲೂ ಏನೂ ಆಗದಿದ್ದರೆ ಅಫಿಡವಿಟ್ ಜೊತೆ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ, ಆಗ ಆ ರಸೀದಿಯೇ ಬೇಕಾಗುವುದು. ವಕೀಲರ ಫೀಸಿನ ಚಿಂತೆ ಬೇಡ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿ.

ದೊಡ್ಡವರಿಂದ ಒಂದು ಫೋನ್ ಮಾಡಿಸಿ ಅನ್ನುವವರು ನಿಮಗೂ ಸಿಕ್ಕಿರಬೇಕು. ಆ ಫೋನನ್ನು ಪಕ್ಕದ ಮನೆಯವನೂ ಮಾಡಿಸಬಲ್ಲ, ಅಲ್ವಾ?

ಠಾಣೆಗೆ ಒಬ್ಬರೇ ಹೋಗಬೇಡಿ. ಹೋಗುವ ಮುಂಚೆ ಆ ಚೀಟಿಯ ಫೋಟೊ ನಮಗೊಂದು ಕಳಿಸಿ, ತಲೆಬರಹ ಏನಿದೆ ಅಂತ ನೋಡಿ ಹೇಳುತ್ತೇವೆ.

– ಸಂಪಾದಕ